ಮಡಕೆಯ ಚೂರಿಗೆ ಕುಲ ಕಟ್ಟುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಕುರಿತು ಬಂದ ಲೇಖನವನ್ನು ಕುತೂಹಲದಿಂದ ಓದಿದೆ. ಕ್ರಿಕೆಟ್ ಮೈದಾನಗಳ ವಿವರ ಸೊಗಸಾಗಿದೆ. ಆದರೆ ಆ ದ್ವೀಪಗಳ ಮೂಲನಿವಾಸಿಗಳಿಗೆ ಮೀಸಲಾದ ಒಂದೇ ಒಂದು ಪ್ಯಾರಾ ನನ್ನನ್ನು ಈ ಪತ್ರ ಬರೆಯುವಂತೆ ಮಾಡಿದೆ. ಮೊದಲು ಸೌಮ್ಯ ಸ್ವಭಾವದ ಅರಾವಾಕರು ಬಂದು ನೆಲೆಸಿದರು, ಅವರ ಹಿಂದೆಯೇ ನರಭಕ್ಷಕರಾದ ಕ್ಯಾರಿಬರು ಬಂದು ಗಂಡಸರನ್ನು ಕೊಂದು ತಿಂದು ಹೆಂಗಸರನ್ನು ಇಟ್ಟುಕೊಂಡರು, ಕೊನೆಗೆ ಸ್ಪೇನಿನವರು ಬಂದ ಮೇಲೆ ಎರಡೂ ಜನಾಂಗಗಳು ನಿರ್ನಾಮವಾದವು ಎಂದು ಅಲ್ಲಿ ಹೇಳಲಾಗಿದೆ. ಲೇಖಕರನ್ನು ದೂರುವ ಹಕ್ಕು ನನಗಿಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಷ್ಟು ವರ್ಷವೂ, ಕೊಲಂಬಸನ ಪಾಠ ಬಂದಾಗಲೆಲ್ಲ ನಾನೂ ಇದೇ ಕಥೆಯನ್ನು ಕೈ ಆಡಿಸಿ ಹೇಳಿದವನು. ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಿವೃತ್ತಿಯ ನಂತರ ಬಿಡುವಾಗಿ ಓದತೊಡಗಿದ ಮೇಲೆ, ಆ ಕಥೆಗೆ ನೆಲದಲ್ಲಿ ಸಿಕ್ಕಿರುವ ಆಧಾರ ಎಷ್ಟು ತೆಳುವೆಂಬುದು ತಿಳಿಯಿತು.

ಕಥೆಯ ಮೂಲವನ್ನು ಮೊದಲು ನೋಡಬೇಕು. 1492ರ ಅಕ್ಟೋಬರ್ 12ರಂದು ಬಹಾಮಾಸ್‌ನ ಒಂದು ದ್ವೀಪಕ್ಕೆ ಕಾಲಿಟ್ಟ ಕೊಲಂಬಸನಿಗೆ ಅಲ್ಲಿನ ಜನರ ಭಾಷೆಯ ಒಂದಕ್ಷರವೂ ಗೊತ್ತಿರಲಿಲ್ಲ. ಪೂರ್ವ ದಿಕ್ಕಿನ ದ್ವೀಪಗಳಲ್ಲಿ ‘ಕನೀಬಾ’ ಎಂಬ ಭಯಂಕರ ಜನರಿದ್ದಾರೆಂದು ಅವರು ಸನ್ನೆ ಮಾಡಿ ಹೇಳಿದ್ದಾಗಿ ಅವನು ಬರೆದುಕೊಂಡ. ತಾನು ಏಷ್ಯಾ ಮುಟ್ಟಿದ್ದೇನೆಂದೇ ನಂಬಿದ್ದರಿಂದ, ಅದು ಚೀನಾದ ಮಹಾ ಖಾನನ ಪ್ರಜೆಗಳನ್ನು ಸೂಚಿಸುವ ಹೆಸರೆಂದು ಊಹಿಸಿದ. ‘ಖಾನ್’ ಎಂದು ಕೇಳಿಸಿಕೊಂಡ ಅದೇ ಕಿವಿ ಮುಂದೆ ‘ನರಭಕ್ಷಕ’ ಎಂದೂ ಕೇಳಿಸಿಕೊಂಡಿತು, ಇಂಗ್ಲಿಷಿನ ಕ್ಯಾನಿಬಲ್ ಎಂಬ ಪದ ಹುಟ್ಟಿದ್ದೇ ಅಲ್ಲಿಂದ. 1503ರಲ್ಲಿ ಸ್ಪೇನಿನ ರಾಣಿ ಇಸಬೆಲ್ಲಾ, ದ್ವೀಪವಾಸಿಗಳನ್ನು ಗುಲಾಮರನ್ನಾಗಿ ಹಿಡಿಯಬಾರದು, ಆದರೆ ಎದುರು ನಿಲ್ಲುವ ನರಭಕ್ಷಕರನ್ನು ಹಿಡಿಯಬಹುದು ಎಂಬರ್ಥದ ಆಜ್ಞೆ ಹೊರಡಿಸಿದಳು. ಆ ಮೇಲೆ ಏನಾಗಿರಬಹುದೆಂದು ತಾಲ್ಲೂಕು ಕಚೇರಿಯ ವ್ಯವಹಾರ ಕಂಡ ಯಾರಾದರೂ ಹೇಳಬಲ್ಲರು. ಗಣಿಗೆ ಆಳು ಬೇಕಾದಾಗ ಬೇಕಾದ ದ್ವೀಪ ‘ಕ್ಯಾರಿಬ್’ ಆಯಿತು. ಯಾವ ದ್ವೀಪ ಕ್ಯಾರಿಬ್, ಯಾವುದು ಅಲ್ಲ ಎಂದು ತೀರ್ಮಾನಿಸಲು ರೊಡ್ರಿಗೊ ದೆ ಫಿಗೆರೋವಾ ಎಂಬ ನ್ಯಾಯಾಧಿಕಾರಿಯನ್ನೇ ನೇಮಿಸಬೇಕಾಯಿತು, ಅವನು 1520ರಲ್ಲಿ ತನ್ನ ನಿರ್ಣಯ ಕೊಟ್ಟ. ಸೌಮ್ಯರು, ಕ್ರೂರಿಗಳು ಎಂಬ ವಿಂಗಡಣೆ ಹೀಗೆ ಕಡತದಲ್ಲಿ ಹುಟ್ಟಿ ನಂತರ ಪಠ್ಯಪುಸ್ತಕಕ್ಕೆ ಇಳಿದದ್ದು.

‘ಅರಾವಾಕ್’ ಎಂಬ ಹೆಸರಿನ ಕಥೆಯೂ ಇಷ್ಟೇ ವಿಚಿತ್ರವಾದದ್ದು. ಅದು ದಕ್ಷಿಣ ಅಮೆರಿಕದ ಗಯಾನಾ ಕರಾವಳಿಯ ಜನರಿಗೆ ಹೊರಗಿನವರು ಬಳಸಿದ ಹೆಸರು, ಆ ಜನ ತಮ್ಮನ್ನು ಲೊಕೊನೊ ಎಂದು ಕರೆದುಕೊಳ್ಳುತ್ತಾರೆ. ಕ್ಯೂಬಾ, ಹಿಸ್ಪಾನಿಯೋಲಾ, ಪೋರ್ಟೊ ರಿಕೊ ದ್ವೀಪಗಳ ಜನರ ಭಾಷೆ ಅದೇ ಕುಟುಂಬಕ್ಕೆ ಸೇರಿದ್ದೆಂದು 1871ರಲ್ಲಿ ಡೇನಿಯಲ್ ಬ್ರಿಂಟನ್ ಎಂಬ ಅಮೆರಿಕದ ವಿದ್ವಾಂಸ ತೋರಿಸಿದ ಮೇಲೆ, ಭಾಷಾ ಕುಟುಂಬದ ಹೆಸರನ್ನು ಜನರಿಗೇ ಅಂಟಿಸುವುದು ರೂಢಿಯಾಯಿತು. ಇದು ಹೇಗೆಂದರೆ, ತುಳುವರನ್ನೂ ಕೊಡವರನ್ನೂ ನಮ್ಮನ್ನೂ ಒಟ್ಟಿಗೆ ‘ದ್ರಾವಿಡರು ಬಂದರು, ದ್ರಾವಿಡರು ಹೋದರು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ ಹಾಗೆ. ಆ ದೊಡ್ಡ ದ್ವೀಪಗಳವರನ್ನು ಇಂದಿನ ವಿದ್ವಾಂಸರು ತೈನೊ ಎನ್ನುತ್ತಾರೆ. ಕ್ಯಾರಿಬರು ಎಂದು ಕರೆಸಿಕೊಂಡ ಸಣ್ಣ ದ್ವೀಪಗಳವರು ತಮಗೆ ಇಟ್ಟುಕೊಂಡ ಹೆಸರು ಕಲಿನಾಗೊ.

ಇನ್ನು ನೆಲದ ಸಾಕ್ಷ್ಯಕ್ಕೆ ಬರುತ್ತೇನೆ. ‘ಮೊದಲು ಅರಾವಾಕರು ಬಂದರು’ ಎಂಬ ಮಾತೇ ಸರಿಯಲ್ಲ. ಟ್ರಿನಿಡಾಡ್‌ನ ದಕ್ಷಿಣ ಭಾಗದ ಬನ್ವಾರಿ ಟ್ರೇಸ್ ಎಂಬಲ್ಲಿ 1969ರಿಂದ ನಡೆದ ಶೋಧದಲ್ಲಿ ಚಿಪ್ಪಿನ ತಿಪ್ಪೆ, ಮೂಳೆಯ ಮೊನೆಗಳು, ಅರೆಯುವ ಕಲ್ಲುಗಳು, ಕಾಲು ಮಡಿಸಿ ಮಲಗಿಸಿದ ಒಂದು ಅಸ್ಥಿಪಂಜರ ಸಿಕ್ಕವು. ಆ ನೆಲೆಯ ಕಾಲ ಸುಮಾರು ಏಳು ಸಾವಿರ ವರ್ಷಗಳ ಹಿಂದಕ್ಕೆ ಹೋಗುತ್ತದೆ. ಮಡಕೆ ಮಾಡುವ, ಮರಗೆಣಸು ಬೆಳೆಯುವ ಜನ ಒರಿನೊಕೊ ನದಿಯ ಕಡೆಯಿಂದ ಕಡಲಿಗಿಳಿದದ್ದು ಕ್ರಿ.ಪೂ. 500ರ ಆಸುಪಾಸಿನಲ್ಲಿ. ಅಂದರೆ, ಇವರ ದೋಣಿ ಹೊರಡುವ ಹೊತ್ತಿಗೆ ಮೊದಲು ಬಂದವರು ಕೆಲವು ದ್ವೀಪಗಳಲ್ಲಿ ಸಾವಿರಾರು ವರ್ಷ ಬಾಳಿ ಬದುಕಿದ್ದರು.

ಮಡಕೆಯವರನ್ನು ವಿದ್ವಾಂಸರು ಸಲಡಾಯ್ಡ್ ಎನ್ನುತ್ತಾರೆ. ವೆನೆಜುವೆಲಾದ ಸಲಡೆರೊ ಎಂಬ ಊರಿನಲ್ಲಿ ಆ ಬಗೆಯ ಪಾತ್ರೆಗಳು ಸಿಕ್ಕಿದ್ದರಿಂದ ಬಂದ ಹೆಸರದು. ಕೆಂಪು ಮೈಯ ಮೇಲೆ ಬಿಳಿಯ ಚಿತ್ತಾರ, ತೆಳುವಾದ ಗೋಡೆ, ಗಂಟೆಯನ್ನು ಬೋರಲು ಹಾಕಿದಂಥ ಬಟ್ಟಲು ಅವರ ಗುರುತು. ನನಗೆ ಇವುಗಳಿಗಿಂತ ಹೆಚ್ಚು ಹತ್ತಿರವೆನಿಸಿದ್ದು ಯಾವ ಚಿತ್ತಾರವೂ ಇಲ್ಲದ ಒಂದು ವಸ್ತು. ಅದರ ಹೆಸರು ಬುರೆನ್. ಎರಡು ಬೆರಳು ದಪ್ಪದ, ಅಗಲವಾದ, ಚಪ್ಪಟೆಯಾದ ಮಣ್ಣಿನ ಬಿಲ್ಲೆ. ಮೇಲ್ಭಾಗ ನುಣುಪು, ಅಡಿಭಾಗ ಒರಟು, ಮಸಿ ಹಿಡಿದದ್ದು. ಅದರ ಚಿತ್ರ ನೋಡಿದೊಡನೆ, ನಮ್ಮ ಅಜ್ಜಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಮಣ್ಣಿನ ಹಂಚು ಕಣ್ಣಿಗೆ ಕಟ್ಟಿತು. ಅಂಚಿನಲ್ಲಿ ಒಂದು ಸೀಳು ಬಿಟ್ಟಿದ್ದರೂ ಅಜ್ಜಿ ಅದನ್ನು ಎಸೆದಿರಲಿಲ್ಲ, ಸೀಳಿನ ಕಡೆ ಉರಿ ಹೋಗದಂತೆ ಒಲೆಯ ಮೇಲೆ ತಿರುಗಿಸಿ ಇಡುತ್ತಿದ್ದಳು. ಕಹಿ ಮರಗೆಣಸಿನಲ್ಲಿ ಸಯನೈಡ್ ವಿಷವಿರುತ್ತದೆ. ಕಲ್ಲಿನ ಚಕ್ಕೆ ನೆಟ್ಟ ಹಲಗೆಯ ಮೇಲೆ ಅದನ್ನು ತುರಿದು, ಉದ್ದನೆಯ ಹೆಣೆದ ಚೀಲದಲ್ಲಿ ತುಂಬಿ ಹಿಂಡಿ ರಸ ತೆಗೆದು, ಉಳಿದ ಹಿಟ್ಟನ್ನು ಬುರೆನ್ ಮೇಲೆ ತಟ್ಟಿ ಸುಟ್ಟರೆ ತಿಂಗಳುಗಟ್ಟಲೆ ಕೆಡದ ರೊಟ್ಟಿಯಾಗುತ್ತದೆ. ಬುರೆನ್ ಚೂರು ಸಿಕ್ಕಿದರೆ ಮರಗೆಣಸು, ಮರಗೆಣಸು ಇದ್ದರೆ ಅರಾವಾಕರು ಎಂದು ಬಹುಕಾಲ ಲೆಕ್ಕ ಹಾಕಲಾಗುತ್ತಿತ್ತು. ಈಚೆಗೆ ಆ ಚೂರುಗಳ ರಂಧ್ರಗಳಲ್ಲಿ ಉಳಿದ ಪಿಷ್ಟದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮುಸುಕಿನ ಜೋಳವೂ ಬೇರೆ ಗೆಡ್ಡೆಗಳೂ ಕಂಡವು. ಅಜ್ಜಿಯ ಹಂಚಿನ ಮೇಲೂ ಅಕ್ಕಿ ರೊಟ್ಟಿ ಒಂದೇ ಬೇಯುತ್ತಿರಲಿಲ್ಲ, ಹುಣಿಸೆ ಬೀಜವನ್ನೂ ಅದರ ಮೇಲೆಯೇ ಹುರಿದುಕೊಟ್ಟದ್ದು ನನಗೆ ನೆನಪಿದೆ.

ಅಡುಗೆಯ ತಿಪ್ಪೆಯನ್ನು ನೋಡಿ ಕುಲ ಹೇಳಲು ಹೋದವರ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1930ರ ದಶಕದಲ್ಲಿ ಪೋರ್ಟೊ ರಿಕೊದಲ್ಲಿ ಅಗೆದ ಫ್ರೊಯ್ಲಿಕ್ ರೇನಿ ಎಂಬ ಅಮೆರಿಕದ ಪುರಾತತ್ತ್ವಜ್ಞನಿಗೆ ಕೆಳಗಿನ ಪದರದಲ್ಲಿ ನೆಲದ ಏಡಿಯ ಕೊಂಡಿಗಳ ರಾಶಿ, ಮೇಲಿನ ಪದರದಲ್ಲಿ ಕಡಲ ಚಿಪ್ಪುಗಳ ರಾಶಿ ಸಿಕ್ಕಿತು. ಮಡಕೆಗಳೂ ಬೇರೆ ಬೇರೆ. ಏಡಿ ತಿನ್ನುವ ಜನರೊಬ್ಬರು, ಅವರ ನಂತರ ಬಂದ ಚಿಪ್ಪು ತಿನ್ನುವ ಜನ ಇನ್ನೊಬ್ಬರು ಎಂದು ಅವನು ಎರಡು ಸಂಸ್ಕೃತಿಗಳನ್ನು ಹೆಸರಿಸಿದ. ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ರೌಸ್ ಮಡಕೆಗಳನ್ನು ಪದರ ಪದರವಾಗಿ ಜೋಡಿಸಿ, ಒಂದರಿಂದ ಇನ್ನೊಂದು ಹಂತಹಂತವಾಗಿ ಬೆಳೆದದ್ದನ್ನು ತೋರಿಸಿದ. ಜನ ಬದಲಾಗಿರಲಿಲ್ಲ, ಅವರ ಊಟ ಬದಲಾಗಿತ್ತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಡಿಗೆರೆ ಕಡೆಯ ಒಂದೇ ಮನೆಯ ತಿಪ್ಪೆಯಲ್ಲಿ ಮಳೆಗಾಲದ ಏಡಿ ಚಿಪ್ಪು, ಕಳಲೆ ಸಿಪ್ಪೆ ಒಂದು ಪದರವಾದರೆ ಬೇಸಿಗೆಯ ಹಲಸಿನ ಬೀಜ ಇನ್ನೊಂದು ಪದರ. ರೌಸ್ ಮಹಾಶಯನಿಗೂ ಮಡಕೆಯ ಮೋಹ ಕೊಂಚ ಹೆಚ್ಚೇ ಇತ್ತೆಂದು ನಂತರದವರು ಆಕ್ಷೇಪಿಸಿದ್ದಾರೆ, ಆಕ್ಷೇಪ ನ್ಯಾಯವಾದದ್ದೇ. ಮಡಕೆಯ ಶೈಲಿಗೊಂದು ಹೆಸರಿಟ್ಟು, ಆ ಹೆಸರಿಗೊಂದು ಜನಾಂಗ ಕಟ್ಟಿ, ನಕ್ಷೆಯಲ್ಲಿ ಬಾಣ ಎಳೆಯುವ ಪದ್ಧತಿ ಅವನ ಬರಹಗಳಿಂದಲೇ ಗಟ್ಟಿಯಾಯಿತು.

ಆ ಬಾಣಗಳೂ ಈಗ ಅಲುಗಾಡಿವೆ. ಬೇಸಿಗೆಯಲ್ಲಿ ಹೇಮಾವತಿಯನ್ನು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುವಂತೆ, ಈ ಜನ ಟ್ರಿನಿಡಾಡ್‌ನಿಂದ ಗ್ರೆನಡಾ, ಅಲ್ಲಿಂದ ಸೇಂಟ್ ವಿನ್ಸೆಂಟ್, ಹೀಗೆ ಒಂದೊಂದೇ ದ್ವೀಪ ಹಿಡಿದು ಉತ್ತರಕ್ಕೆ ಹೋದರೆಂದು ಎಲ್ಲರೂ ನಂಬಿದ್ದರು. 2019ರಲ್ಲಿ ಸಂಶೋಧಕರ ತಂಡವೊಂದು 55 ದ್ವೀಪಗಳಿಂದ ಬಂದ ಸುಮಾರು 2,500 ರೇಡಿಯೋ ಕಾರ್ಬನ್ ಕಾಲಗಣನೆಗಳನ್ನು ಒಟ್ಟುಗೂಡಿಸಿ, ಮಾದರಿ ಎಲ್ಲಿಂದ ತೆಗೆದದ್ದು, ಸರಿಯಾಗಿ ದಾಖಲಾಗಿದೆಯೇ ಎಂದು ಒಂದೊಂದನ್ನೂ ಸೋಸಿತು. ಹೆಚ್ಚುಕಡಿಮೆ ಅರ್ಧದಷ್ಟು ಪರೀಕ್ಷೆಯಲ್ಲಿ ನಪಾಸಾದವು. ಪಾಸಾದವುಗಳ ಪ್ರಕಾರ, ಟ್ರಿನಿಡಾಡ್ ಬಿಟ್ಟರೆ, ಪೋರ್ಟೊ ರಿಕೊ ಮತ್ತು ಉತ್ತರದ ದ್ವೀಪಗಳಲ್ಲೇ ಜನ ಮೊದಲು ನೆಲೆಸಿದ್ದರು, ದಕ್ಷಿಣದ ಎಷ್ಟೋ ದ್ವೀಪಗಳಿಗೆ ಜನ ಬಂದದ್ದು ಆಮೇಲೆ. ಹಾಗಿದ್ದರೆ ಆ ನಾವಿಕರು ಸಾಲು ದ್ವೀಪಗಳನ್ನು ಪಕ್ಕಕ್ಕೆ ಬಿಟ್ಟು ನೂರಾರು ಕಿಲೋಮೀಟರ್ ತೆರೆದ ಕಡಲನ್ನು ಒಂದೇ ಮರದ ದಿಮ್ಮಿ ಕೊರೆದ ದೋಣಿಗಳಲ್ಲಿ ನೇರವಾಗಿ ದಾಟಿರಬೇಕು. ಈ ವಾದಕ್ಕೆ ವಿರೋಧವೂ ಇದೆ. ಆದರೂ ‘ಸೌಮ್ಯರು’ ಎಂಬ ಪದದಲ್ಲಿ ಅಡಗಿರುವ ಅಯ್ಯೋ ಪಾಪ ಎಂಬ ಭಾವಕ್ಕೆ ಇಂಥ ನಾವಿಕರು ಹೊಂದುವುದಿಲ್ಲ ಎಂದಷ್ಟೇ ನನ್ನ ಮಾತು.

ಕ್ಯಾರಿಬರ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಅವರು ದಕ್ಷಿಣದಿಂದ ದಂಡೆತ್ತಿ ಬಂದಿದ್ದರೆ ನೆಲದಲ್ಲಿ ಅವರ ಪಾತ್ರೆ ಸಿಗಬೇಕಲ್ಲವೇ? ಗ್ರೆನಡಾದ ಸವಾನ್ ಸುಆಜೆ ಎಂಬಲ್ಲಿ ಸಿಕ್ಕ ಒರಟು ಮಡಕೆಗಳನ್ನು ಮೊದಲು ಅವರ ತಲೆಗೆ ಕಟ್ಟಲಾಯಿತು. ಕ್ರೂರಿಗಳಾದ ಮೇಲೆ ಮಡಕೆಯೂ ಒರಟಾಗಿರಲೇಬೇಕು ಎಂಬ ತರ್ಕವೂ ಅದರ ಹಿಂದೆ ಇದ್ದಿರಬಹುದೆಂದು ನನ್ನ ಗುಮಾನಿ. ಆದರೆ ಆ ಮಡಕೆಗಳು ಹಳೆಯ ಸ್ಥಳೀಯ ಶೈಲಿಯಿಂದಲೇ ಬೆಳೆದವೆಂದೂ ಯುರೋಪಿನವರು ಬರುವ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗಿದ್ದವೆಂದೂ ಗೊತ್ತಾಯಿತು. ಕೊನೆಗೆ ಕಲಿನಾಗೊಗಳ ಗುರುತೆಂದು ವಿದ್ವಾಂಸರು ಒಪ್ಪಿದ್ದು ಕಾಯೊ ಎಂಬ ಬೇರೊಂದು ಬಗೆಯನ್ನು. ಗಯಾನಾ ಪ್ರದೇಶದ ಕೊರಿಯಾಬೊ ಮಡಕೆಗಳನ್ನು ಹೋಲುತ್ತಿದ್ದರೂ ಅದರಲ್ಲಿ ದೊಡ್ಡ ದ್ವೀಪಗಳ ತೈನೊ ಶೈಲಿಯ ಛಾಯೆಯೂ ಬೆರೆತಿದೆ.

ಈ ಕಾಯೊ ಮಡಕೆಗಳ ಮಾತು ಬಂದಾಗ ಆರ್ಗೈಲ್ ಎಂಬ ಊರಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸುತ್ತದೆ. ಸೇಂಟ್ ವಿನ್ಸೆಂಟ್ ದ್ವೀಪದ ಆರ್ನೋಸ್ ವೇಲ್ ಮೈದಾನದ ಹೆಸರು ತಮ್ಮ ಲೇಖನದಲ್ಲೂ ಇದೆ, 2024ರ ವಿಶ್ವಕಪ್ಪಿನಲ್ಲಿ ಅಫ್ಘಾನಿಸ್ತಾನ ಆಸ್ಟ್ರೇಲಿಯಾವನ್ನು ಸೋಲಿಸಿದ ಜಾಗ ಅದು. ಆ ಮೈದಾನದ ಪಕ್ಕದಲ್ಲಿದ್ದ ಹಳೆಯ ವಿಮಾನ ನಿಲ್ದಾಣದ ಬದಲಿಗೆ 2017ರಲ್ಲಿ ಆರ್ಗೈಲ್‌ನಲ್ಲಿ ಹೊಸದು ಆರಂಭವಾಯಿತು. ನಿಲ್ದಾಣದ ಕಾಮಗಾರಿಗೆ ಆ ಜಾಗ ಹೋಗುವ ಮೊದಲು, 2009 ಮತ್ತು 2010ರಲ್ಲಿ, ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಕೊರಿನ್ ಹಾಫ್‌ಮನ್ ಮತ್ತು ಮೆನ್ನೊ ಹೂಗ್‌ಲಾಂಡ್ ಅವರ ತಂಡ ಅಲ್ಲಿ ಅಗೆಯಿತು. (ನಮ್ಮ ಭುವನಹಳ್ಳಿಯ ವಿಮಾನ ನಿಲ್ದಾಣ ಮುಗಿಯುವುದರೊಳಗೆ ಇಡೀ ಜಿಲ್ಲೆಯನ್ನೇ ನಿಧಾನವಾಗಿ ಅಗೆದು ನೋಡಬಹುದಿತ್ತೆಂಬುದು ಬೇರೆ ಮಾತು.) ಮಣ್ಣಿನ ಮೇಲ್ಪದರ ಸರಿಸಿದಾಗ ಕಂಡದ್ದು ಗೋಡೆಯಲ್ಲ, ಕಲ್ಲಲ್ಲ, ಕಪ್ಪು ಕಲೆಗಳು. ಕಂಬ ನೆಟ್ಟ ಗುಂಡಿಗಳಲ್ಲಿ ಮರ ಕೊಳೆತು ಮಣ್ಣು ಬಣ್ಣ ತಿರುಗಿದ ಕಲೆಗಳವು. ಕಲೆಯಿಂದ ಕಲೆಗೆ ಗೆರೆ ಎಳೆದಾಗ ದುಂಡನೆಯ ಮನೆಗಳು, ಅಂಡಾಕಾರದ ದೊಡ್ಡ ಮನೆ, ನಡುವೆ ಖಾಲಿ ಅಂಗಳ ಮೂಡಿದವು. ಕಾಯೊ ಮಡಕೆಯ ಒಂದು ಬಾಯಂಚಿನಲ್ಲಿ, ಮಣ್ಣು ಹಸಿಯಿದ್ದಾಗಲೇ, ಯುರೋಪಿನಿಂದ ಬಂದ ಸಣ್ಣ ಗಾಜಿನ ಮಣಿಗಳನ್ನು ಒತ್ತಿ ಕೂರಿಸಲಾಗಿತ್ತು. ಸ್ಪೇನಿನವರು ಬರೆದ ಸಾವಿರ ಪುಟಗಳಿಗಿಂತ ಆ ಒಂದು ಚೂರು ನನಗೆ ಹೆಚ್ಚು ಹೇಳಿತು. ಹೊರಗಿನ ಹೊಸ ವಸ್ತುವನ್ನು ಪಡೆದು, ಅಜ್ಜಿಯರಿಂದ ಕಲಿತ ಕೈಕೆಲಸದೊಳಗೆ ಅದನ್ನು ಇಟ್ಟುಕೊಂಡ ಒಬ್ಬಳು ಅಥವಾ ಒಬ್ಬನ ಬೆರಳು ಅಲ್ಲಿದೆ. ನರಮಾಂಸದ ಅಡುಗೆಯನ್ನು ಸ್ಥಿರಪಡಿಸುವ ಸಾಕ್ಷ್ಯ ಮಾತ್ರ ಇಂಥ ನೆಲೆಗಳಲ್ಲಿ ಸಿಕ್ಕಿಲ್ಲ. ಮನೆಗಳಲ್ಲಿ ಮನುಷ್ಯರ ಮೂಳೆ ಕಂಡೆವೆಂದು 1493ರಲ್ಲಿ ಕೊಲಂಬಸನ ಜೊತೆಗಾರರು ಬರೆದದ್ದು ನಿಜವಿರಬಹುದು, ಆದರೆ ಹಿರಿಯರ ಮೂಳೆಗಳನ್ನು ಮನೆಯಲ್ಲಿಟ್ಟು ಗೌರವಿಸುವ ಪದ್ಧತಿ ಆ ದ್ವೀಪಗಳಲ್ಲಿತ್ತು.

‘ಹೆಂಗಸರನ್ನು ಇಟ್ಟುಕೊಂಡರು’ ಎಂಬ ಮಾತಿಗೂ ಒಂದು ಮೂಲವಿದೆ. ಡೊಮಿನಿಕಾದಲ್ಲಿ ಕಲಿನಾಗೊಗಳ ನಡುವೆ ಬಾಳಿದ ರೇಮೊಂ ಬ್ರೆತೊಂ ಎಂಬ ಫ್ರೆಂಚ್ ಪಾದ್ರಿ 1665ರಲ್ಲಿ ಅವರ ಭಾಷೆಯ ನಿಘಂಟು ಪ್ರಕಟಿಸಿದ. ಅದರಲ್ಲಿ ಅನೇಕ ವಸ್ತುಗಳಿಗೆ ಗಂಡಸರು ಬಳಸುವ ಪದ ಒಂದು, ಹೆಂಗಸರು ಬಳಸುವ ಪದ ಇನ್ನೊಂದು. ಗಂಡಸರದು ಕ್ಯಾರಿಬ್ ಮೂಲದ್ದು, ಹೆಂಗಸರದು ಅರಾವಾಕ್ ಮೂಲದ್ದು. ಗೆದ್ದವರು ಗಂಡಸರು, ಸೆರೆಯಾದವರು ಹೆಂಗಸರು ಎಂಬ ತೀರ್ಮಾನ ಇದರಿಂದ ಸುಲಭವಾಗಿ ಹೊರಟಿತು. ಆದರೆ ಭಾಷಾತಜ್ಞ ಡಗ್ಲಾಸ್ ಟೇಲರ್ ಮೊದಲಾದವರು ಆ ಭಾಷೆಯ ವ್ಯಾಕರಣ ಎಲ್ಲರ ಬಾಯಲ್ಲೂ ಅರಾವಾಕ್ ಕುಟುಂಬದ್ದೇ ಎಂದು ತೋರಿಸಿದರು. ಗಂಡಸರ ಕ್ಯಾರಿಬ್ ಪದಗಳು ಮುಖ್ಯ ಭೂಭಾಗದವರೊಂದಿಗಿನ ವ್ಯಾಪಾರ ಮತ್ತು ಮೈತ್ರಿಯ ಭಾಷೆಯಿಂದ ಬಂದಿರಬಹುದೆಂದು ಅವರ ವಿವರಣೆ. ಸಕಲೇಶಪುರದ ಕಾಫಿ ತೋಟಗಳಲ್ಲಿ ರೈಟರು, ಮೇಸ್ತ್ರಿಗಳು ಲೈನ್‌ಮನೆಯ ಕೂಲಿಗಳ ಹತ್ತಿರ ತಮಿಳು, ತುಳು ಬೆರೆಸಿ ಮಾತನಾಡಿ ಮನೆಗೆ ಬಂದು ಹೆಂಡತಿಯೊಂದಿಗೆ ಕನ್ನಡ ಆಡುವುದನ್ನು ಕೇಳಿ ಬೆಳೆದ ನನಗೆ ಇದರಲ್ಲಿ ಯಾವ ದಂಡಯಾತ್ರೆಯೂ ಕಾಣುವುದಿಲ್ಲ. ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಕ್ರಿ.ಶ. 450ರ ಸುಮಾರಿನದೆನ್ನಲಾದ ಆ ಕಲ್ಲಿನಲ್ಲಿ ಸಂಸ್ಕೃತ ಪದಗಳು ಕಿಕ್ಕಿರಿದಿವೆ. ಅಷ್ಟು ಮಾತ್ರಕ್ಕೆ ಹಲ್ಮಿಡಿಯ ಗದ್ದೆ ಬಯಲಿನಲ್ಲಿ ಆಗ ಉಳುತ್ತಿದ್ದವರು ಉತ್ತರದಿಂದ ಬಂದ ಬೇರೆ ಜನವೆಂದು ಯಾರೂ ವಾದಿಸುವುದಿಲ್ಲ.

ಪ್ರಾಚೀನ ಡಿಎನ್‌ಎ ಪರೀಕ್ಷೆಯ ಫಲಿತಾಂಶಗಳು 2020ರಲ್ಲಿ ಎರಡು ದೊಡ್ಡ ಅಧ್ಯಯನಗಳಾಗಿ ಹೊರಬಂದವು. ಒಂದರಲ್ಲಿ 174 ಜನರ, ಇನ್ನೊಂದರಲ್ಲಿ 93 ಜನರ ಅವಶೇಷಗಳನ್ನು ಹೊಸದಾಗಿ ಓದಲಾಗಿತ್ತು. ಮಡಕೆ ತಂದವರ ಸಂತತಿ ಮಡಕೆಯ ಶೈಲಿ ಮೇಲಿಂದ ಮೇಲೆ ಬದಲಾದರೂ ಹೆಚ್ಚಿನ ಬೆರಕೆಯಿಲ್ಲದೆ ಮುಂದುವರಿದದ್ದು ಮೊದಲನೆಯದರಲ್ಲಿ ಕಂಡುಬಂತು. ಶೈಲಿ ಬದಲಾದಾಗಲೆಲ್ಲ ಹೊಸ ಜನ ಬಂದರೆಂಬ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ನಮ್ಮ ಮನೆಯಲ್ಲೇ ಅಜ್ಜಿಯ ಕಾಲಕ್ಕೆ ಮಣ್ಣಿನ ಮಡಕೆ, ಅಮ್ಮನ ಕಾಲಕ್ಕೆ ಅಲ್ಯೂಮಿನಿಯಂ, ನನ್ನ ಮದುವೆಯ ನಂತರ ಸ್ಟೀಲು, ಈಗ ಸೊಸೆ ಬಂದ ಮೇಲೆ ನಾನ್‌ಸ್ಟಿಕ್. ಹಿತ್ತಿಲನ್ನು ಮುಂದೊಂದು ದಿನ ಅಗೆದವರು ನಾಲ್ಕು ಜನಾಂಗಗಳು ಒಬ್ಬರನ್ನೊಬ್ಬರು ಓಡಿಸಿದವೆಂದು ಬರೆದರೆ ನಾವು ನಗಬೇಕಾದೀತು. ಅದೇ ಅಧ್ಯಯನದಲ್ಲಿ, ಬೇರೆ ಬೇರೆ ದ್ವೀಪಗಳಲ್ಲಿ ಮಣ್ಣಾದ 19 ಜೋಡಿ ಜನ ಪರಸ್ಪರ ರಕ್ತಸಂಬಂಧಿಗಳೆಂದು ಗೊತ್ತಾಯಿತು. ಕಡಲು ಅವರಿಗೆ ಗಡಿಯಾಗಿರದೆ ನೆಂಟರ ಮನೆಗೆ ಹೋಗುವ ದಾರಿಯಾಗಿತ್ತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ದ್ವೀಪಗಳ ನಡುವೆ ಜಗಳವೇ ಇರಲಿಲ್ಲ, ಕಲಿನಾಗೊಗಳು ಯಾರ ಮೇಲೂ ದಾಳಿ ಮಾಡಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ದಾಳಿಗಳು ನಡೆದಿವೆ, ಸೆರೆ ಒಯ್ದದ್ದೂ ಉಂಟು. ನನ್ನ ಆಕ್ಷೇಪ, ಗೆದ್ದವನು ತನ್ನ ಅನುಕೂಲಕ್ಕೆ ಬರೆದುಕೊಂಡದ್ದನ್ನು ಪುರಾತತ್ತ್ವದ ತೀರ್ಮಾನವೆಂಬಂತೆ ಇಂದಿಗೂ ಅಚ್ಚು ಹಾಕುವುದರ ಬಗ್ಗೆ.

ಆದ್ದರಿಂದ ಆ ಪ್ಯಾರಾಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಸ್ಥಳಾಭಾವವಿದ್ದು ಒಂದೇ ಪದವನ್ನು ತಿದ್ದಲು ಸಾಧ್ಯವಾಗುವುದಾದರೆ, ‘ನಿರ್ನಾಮವಾದವು’ ಎಂಬುದನ್ನು ಮೊದಲು ತೆಗೆಯಿರಿ. ಸೇಂಟ್ ವಿನ್ಸೆಂಟ್‌ನಿಂದ 1797ರಲ್ಲಿ ಬ್ರಿಟಿಷರು ಹಡಗಿಗೆ ತುಂಬಿ ಹೊಂಡುರಾಸ್‌ನ ರೊಆತಾನ್ ದ್ವೀಪಕ್ಕೆ ಸಾಗಿಸಿದ ಗರಿಫುನ ಜನ, ಕಲಿನಾಗೊ ಮತ್ತು ಆಫ್ರಿಕನ್ ಮೂಲ ಬೆರೆತವರು, ಮಧ್ಯ ಅಮೆರಿಕದ ಕರಾವಳಿಯಲ್ಲಿ ಅದೇ ಭಾಷೆಯ ಕವಲೊಂದನ್ನು ಇಂದಿಗೂ ಆಡುತ್ತಿದ್ದಾರೆ. ಡೊಮಿನಿಕಾದ ಪೂರ್ವ ಕರಾವಳಿಯಲ್ಲಿ 1903ರಲ್ಲಿ ಕಲಿನಾಗೊಗಳಿಗೆಂದು ಗುರುತಿಸಿದ ಸುಮಾರು 3,700 ಎಕರೆ ನೆಲದಲ್ಲಿ ಅವರ ಹಳ್ಳಿಗಳಿವೆ, ರಸ್ತೆ ಬದಿಯಲ್ಲಿ ಮರಗೆಣಸಿನ ರೊಟ್ಟಿ ಸುಟ್ಟು ಮಾರುತ್ತಾರೆ. 2023ರ ಜುಲೈನಲ್ಲಿ ಅಶ್ವಿನ್ ಟೆಸ್ಟ್ ಪಂದ್ಯದಲ್ಲಿ 12 ವಿಕೆಟ್ ಕಿತ್ತದ್ದನ್ನು ತಮ್ಮ ಲೇಖಕರು ನೆನಪಿಸಿಕೊಂಡಿರುವ ರೊಸೊ ಮೈದಾನ ಇರುವುದು ಇದೇ ಡೊಮಿನಿಕಾದಲ್ಲಿ. ಆ ಪಂದ್ಯ ಮುಗಿದ ಮೂರನೆಯ ತಿಂಗಳಲ್ಲಿ ಸಿಲ್ವನಿ ಬರ್ಟನ್ ಎಂಬ ಕಲಿನಾಗೊ ಮಹಿಳೆ ಆ ದೇಶದ ರಾಷ್ಟ್ರಾಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ